ಏಲಕ್ಕಿಗೆ ಸಾಕ್ಷಿ ಹೇಳಿದ ಮೂಗು

ಏಲಕ್ಕಿ ಮಾದರಿಯ ಗಂಟು ಹಿಡಿದು ಸಾಗರದಿಂದ ತೀರ್ಥಹಳ್ಳಿಯ ಶೆಟ್ಟರ ಅಂಗಡಿಗೆ ಹೊರಟಿದ್ದೆ. ಮೂಸಿ ನೋಡದೆ ಬೆಲೆಯ ಮಾತೆತ್ತುವವರಲ್ಲ ಅವರು. ಹೊಸನಗರದಲ್ಲಿ ಬಸ್ ಹತ್ತಿದ, ಡಾಕ್ಟರಿಕೆ ಓದುವ ಹುಡುಗನೊಬ್ಬ ತನ್ನ ಚೀಲವನ್ನು ನನ್ನ ಗಂಟಿನ ಮೇಲೇ ಇಟ್ಟ. ಅದರ ಘಾಟು ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು.

“ಎಂತದೋ ತಮ್ಮ ಅದು?”

“ಹೆಣ ಕೊಯ್ಯುವಾಗ ಹಾಕೋ ಕೋಟು. ಹೆಣ ಕೆಡಬಾರ್ದು ಅಂತ ಫಾರ್ಮಲಿನ್ ಹಾಕಿರ್ತಾರೆ. ಮೊದಲು ನಮಗೂ ಕಣ್ಣುರಿ, ಕೆಮ್ಮು. ಈಗ ಅಭ್ಯಾಸ ಆಗಿದೆ.”

ಗಂಟನ್ನು ಎಳೆದುಕೊಂಡೆ. ಅಷ್ಟರಲ್ಲೇ ಆಗುವುದು ಆಗಿತ್ತು.

ಇಳಿದ ಮೇಲೆ ನೋಡಿದರೆ ಅವನೂ ಅದೇ ಅಂಗಡಿಗೆ ಬಂದ. ಶೆಟ್ಟರ ಅಕ್ಕನ ಮಗನಂತೆ. ಶೆಟ್ಟರು ಏಲಕ್ಕಿ ಮೂಸಿದವರೇ ಕೆಮ್ಮತೊಡಗಿದರು.

“ಇದಕ್ಕೆ ಎಂತ ಔಷಧಿ ಹೊಡ್ದಿದೀರಿ ಮಾರಾಯ್ರೇ?”

“ಅದು ನಿಮ್ಮ ಅಳಿಯನ ಕೋಟಿನ ವಾಸನೆ ಶೆಟ್ರೇ. ಬೇಕಾದ್ರೆ ಅವ್ನನ್ನೇ ಕೇಳಿ.”

ಹುಡುಗ ಕೋಟು ಮೂಸಿದ. “ಇದಕ್ಕೆ ಎಂತ ವಾಸನೆಯೂ ಇಲ್ವಲ್ಲ ಮಾವ.”

ನಾನು ಗಾಬರಿಯಾಗಿ ಗಂಟನ್ನೇ ಅವನ ಮೂಗಿಗೆ ಹಿಡಿದೆ. “ಸರಿಯಾಗಿ ನೋಡು ತಮ್ಮ, ಏಲಕ್ಕಿ!”

ಅವನು ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡ. “ಏಲಕ್ಕಿದೂ ಬರ್ತಿಲ್ಲ.”

ಶೆಟ್ಟರು ಏಲಕ್ಕಿ ಬಿಟ್ಟು ಹುಡುಗನ ಮೂಗನ್ನೇ ಪರೀಕ್ಷಿಸತೊಡಗಿದರು. ಗಂಟು ಸಾಗರಕ್ಕೆ ವಾಪಸು ಬಂತು.

ಅಂಥ ಮೂಗು ಶೆಟ್ಟರಿಗಿದ್ದಿದ್ದರೆ, ನನ್ನ ಗೋದಾಮಿನ ಹಳೇ ಸರಕೆಲ್ಲ ಅಂದೇ ಖಾಲಿಯಾಗುತ್ತಿತ್ತು.