ಬೇಕರಿಯ ದೊಡ್ಡಕ್ಕ ಬ್ರೆಡ್ಡು ಬಿಟ್ಟದ್ದು

ಬೇಕರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ತಮ್ಮ, ಗಾಜಿನ ಕಪಾಟಿನ ಹಿಂದೆ ತಮ್ಮನ ಹೆಂಡತಿ, ಓವನ್ನಿನ ಮುಂದೆ ದೊಡ್ಡಕ್ಕ. ಬೋರ್ಡಿನ ಮೇಲೆ ಮಾತ್ರ ತಮ್ಮನದೊಂದೇ ಹೆಸರು. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಹಿಟ್ಟಿಗೆ ಕೈ ಹಾಕಿದವಳು ಆಮೇಲೆ ಕೈ ತೆಗೆದೇ ಇರಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು, ಓವನ್ನಿನ ಕಾವಿಗೆ ಹೆದರಿದಂತೆ ಬಾಗಿಲಲ್ಲೇ ಹಿಂದಿರುಗಿತ್ತು.

ಅವಳ ಊಟ ಯಾವತ್ತೂ ಅಂಗಡಿಯಲ್ಲಿ ಮಿಕ್ಕಿದ್ದು. ಅಂಚು ಸೀದ ಬನ್ನು, ಮುರಿದ ಬಿಸ್ಕತ್ತು, ನಿನ್ನೆಯ ಬ್ರೆಡ್ಡು. "ಎಸೆಯೋಕೆ ಮನಸ್ಸು ಬರಲ್ಲಕ್ಕ, ನೀನೇ ತಿಂದ್ಬಿಡು" ಎಂದು ತಮ್ಮ ಅವಳ ತಟ್ಟೆಗೆ ಸುರಿಯುತ್ತಿದ್ದ. ಅವಳು ಚಹಾದಲ್ಲಿ ಅದ್ದಿಕೊಂಡು ನುಂಗುತ್ತಿದ್ದಳು. ಮೈ ಊದಿತು, ಮೊಣಕಾಲು ಮಾತು ಕೇಳದಾಯಿತು. ಮಾತ್ರೆ ಬರೆದುಕೊಟ್ಟು, ತೂಕ ಇಳಿಸಿ ಎಂದು ಡಾಕ್ಟರು ಹೇಳಿ ಹೇಳಿ ಸುಸ್ತಾದರು.

ಈಜು ಕಲಿಸುವ ಟೀಚರೊಬ್ಬರು ತಮ್ಮ ತಾಯಿಗೆಂದು ಬ್ರೆಡ್ಡು ಒಯ್ಯಲು ಬರುತ್ತಿದ್ದರು. ತಾವು ಮಾತ್ರ ಒಂದು ಚೂರೂ ಮುಟ್ಟುತ್ತಿರಲಿಲ್ಲ.

"ಯಾಕೆ, ನಮ್ಮ ಬ್ರೆಡ್ಡು ನಿಮಗೆ ಸೇರಲ್ವಾ?" ಎಂದು ದೊಡ್ಡಕ್ಕ ಒಂದು ದಿನ ಕೇಳಿಯೇಬಿಟ್ಟಳು.

"ಹಾಗಲ್ಲಮ್ಮ. ಪೇಲಿಯೋ ಅಂತ ಒಂದು ಪಥ್ಯ ಮಾಡ್ತಿದೀನಿ. ಬೇಸಾಯ ಗೊತ್ತಿಲ್ಲದ ಕಾಲದಲ್ಲಿ ಮನುಷ್ಯರು ತಿಂತಿದ್ದ ಥರದ ಊಟ ಅಂತಾರೆ. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ. ಗೋಧಿ, ಅಕ್ಕಿ, ಬೇಳೆ, ಹಾಲು, ಸಕ್ಕರೆ ಎಲ್ಲಾ ಬಂದ್."

"ಒಂದು ತುಣುಕೂ ಇಲ್ವಾ?"

"ಒಂದು ತುಣುಕೂ ಇಲ್ಲ. ಕಟ್ಟುನಿಟ್ಟು."

ಆ 'ಕಟ್ಟುನಿಟ್ಟು' ಅವಳ ತಲೆಯಲ್ಲಿ ಕೂತುಬಿಟ್ಟಿತು. ಡಾಕ್ಟರ ಹತ್ತಿರ ಹೋಗಿ ಕೇಳಿದಳು. "ಮಾಡಿ ನೋಡಿ. ಆದ್ರೆ ಮಾತ್ರೆ ನಿಲ್ಲಿಸಬೇಡಿ, ಆಗಾಗ ಬಂದು ತೋರಿಸಿ" ಎಂದರು. ಸೋಮವಾರದಿಂದ ಶುರು ಎಂದು ನಿರ್ಧಾರವಾಯಿತು.

ಭಾನುವಾರ ಅಂಗಡಿಯ ಮಹಡಿ ಮೇಲಿನ ತನ್ನ ಕೋಣೆಯಲ್ಲಿ ಡಬ್ಬಗಳನ್ನೆಲ್ಲ ಇಳಿಸಿದಳು. ಹಿಟ್ಟು, ಸಕ್ಕರೆ, ಬೇಳೆ, ಹಾಲಿನ ಪುಡಿ ಎಲ್ಲವನ್ನೂ ಚೀಲಕ್ಕೆ ತುಂಬಿ ತಮ್ಮನ ಹೆಂಡತಿಯ ಮುಂದಿಟ್ಟಳು.

"ಏನಕ್ಕಾ, ಮನೆ ಖಾಲಿ ಮಾಡ್ತಿದೀರಾ?"

"ಮನೆಯಲ್ಲ, ಡಬ್ಬ."

ಸುದ್ದಿ ಕೇಳಿ ತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. "ಇದೇನಕ್ಕ ಹುಚ್ಚು? ಬ್ರೆಡ್ಡು ಮಾಡೋಳೇ ಬ್ರೆಡ್ಡು ತಿನ್ನಲ್ಲ ಅಂದ್ರೆ, ಇವ್ರು ಹಿಟ್ಟಲ್ಲಿ ಏನೋ ಬೆರೆಸ್ತಾರೆ ಅಂದ್ಕೊಳ್ತಾರೆ ಜನ!"

"ಔಷಧಿ ಅಂಗಡಿಯವನು ಇರೋ ಮಾತ್ರೆಯೆಲ್ಲ ನುಂಗಿ ವ್ಯಾಪಾರ ಮಾಡ್ತಾನೇನೋ?"

ತಮ್ಮನ ಹೆಂಡತಿ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತಮ್ಮನಿಗೆ ರೇಗಿತು.

"ರುಚಿ ನೋಡೋರ್ಯಾರು ಮತ್ತೆ?"

"ನೀನೇ ನೋಡು. ಬೋರ್ಡಲ್ಲಿರೋದು ನಿನ್ನ ಹೆಸರು ತಾನೆ?"

"ಮಿಕ್ಕಿದ್ದನ್ನೆಲ್ಲ ಏನು ಮಾಡ್ಲಿ?"

ಮಾತು ಬಾಯಿ ಜಾರಿತ್ತು. ದೊಡ್ಡಕ್ಕ ಕೈಯಲ್ಲಿದ್ದ ಜರಡಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಅದಾ ನಿನ್ನ ಚಿಂತೆ? ಇಷ್ಟು ವರ್ಷ ನಾನು ಊಟ ಮಾಡ್ತಿದೀನಿ ಅಂದ್ಕೊಂಡಿದ್ದೆ ಕಣೋ. ನಿನ್ನ ಅಂಗಡಿ ಗುಡಿಸ್ತಿದ್ದೆ ಅಂತ ಈಗ ಗೊತ್ತಾಯ್ತು."

"ಹಾಗಲ್ಲಕ್ಕ, ನಾನು..."

"ಹಾಗೇನೇ. ಓವನ್ನು ನಾನೇ ನೋಡ್ಕೋತೀನಿ, ಹಿಟ್ಟು ನಾನೇ ನಾದ್ತೀನಿ. ತಟ್ಟೆಗೆ ಮಾತ್ರ ನಾನು ಹಾಕ್ಕೊಂಡಿದ್ದೇ ಬೀಳಬೇಕು. ಈ ಪಥ್ಯ ಸಾಕು ಅನ್ನಿಸಿದ ದಿನ ನಾನೇ ಬಿಡ್ತೀನಿ. ನೀನು ಹೇಳಿದೆ ಅಂತ ಬಿಡಲ್ಲ."

ತಮ್ಮ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಇಳಿದುಹೋದ.

ಅವಳು ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಗೆ ನಡೆದಳು. ಮೊಟ್ಟೆ, ಸೊಪ್ಪು, ಕುಂಬಳಕಾಯಿ ಆಯಿತು. ಮೀನಿನವಳು "ಯಾವುದು ಕೊಡ್ಲಿ?" ಎಂದಾಗ ತಡವರಿಸಿದಳು. "ಯಾವುದು ಮಿಕ್ಕಿ..." ಎಂದು ನಾಲಿಗೆ ಹೊರಟಿತ್ತು, ಕಚ್ಚಿಕೊಂಡಳು. "ಇವತ್ತು ಬಂದಿದ್ದರಲ್ಲಿ ಒಳ್ಳೇದು ಕೊಡಮ್ಮ" ಎಂದಳು, ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ.

ಸೋಮವಾರ ಮೊದಲ ಟ್ರೇ ಹೊರಬಂದಾಗ ಆ ವಾಸನೆಗೆ ಅವಳ ಬಾಯಲ್ಲಿ ನೀರೂರಿತು, ಹೊಟ್ಟೆ ಚುರ್ ಎಂದಿತು. ಬೆಳಿಗ್ಗೆ ತಿಂದ ಮೊಟ್ಟೆ, ಸೊಪ್ಪು ಎಲ್ಲಿ ಹೋದವೋ. ಒಂದು ಬನ್ನು ಎತ್ತಿದಳು. ಎತ್ತಿ, ಸೀದಾ ತಮ್ಮನ ಮುಂದೆ ಹಿಡಿದಳು. ಅವನು ಮುಖ ಗಂಟಿಕ್ಕಿಕೊಂಡೇ ಕಚ್ಚಿ, "ಉಪ್ಪು ಕಮ್ಮಿ" ಎಂದ.

"ಕಮ್ಮಿ ಇದ್ರೆ ಹಾಕ್ತೀನಿ" ಎಂದು ಅವಳು ಹಿಟ್ಟಿನತ್ತ ತಿರುಗಿದಳು. ಸಂಜೆ ಅವನು ಮಿಕ್ಕ ಬನ್ನುಗಳನ್ನು ನೋಡಿ, ನಾಳೆಗೆ ಒಂದು ಟ್ರೇ ಕಡಿಮೆ ಸಾಕು ಎಂದು ತಾನಾಗಿಯೇ ಹೇಳಿದ.

ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಎದುರು ಮನೆಯ ಟೈಲರಜ್ಜ ಬಂದು, ಕನ್ನಡಕದ ಮೇಲಿಂದ ಇಣುಕಿ, "ಏನು ದೊಡ್ಡಕ್ಕ, ನೀವು ನಿಮ್ಮ ಬ್ರೆಡ್ಡೇ ತಿನ್ನಲ್ವಂತೆ?" ಎಂದ.

ತಮ್ಮನ ಕೈ ಗಲ್ಲಾದ ಮೇಲೆ ಹಾಗೇ ನಿಂತಿತು.

"ಹೌದಜ್ಜ, ತಿನ್ನಲ್ಲ. ನಿಮಗೆಷ್ಟು ಕೊಡ್ಲಿ?"

ಅಜ್ಜ ಜೇಬಿನಿಂದ ದುಡ್ಡು ತೆಗೆಯುತ್ತ, "ನಿಮ್ಮ ಪಾಲಿಂದೂ ಸೇರಿಸಿ ಎರಡು ಕೊಡಿ" ಎಂದ.