ಹೆಂಗಸು ತಳ್ಳಿದ ಗಾಡಿ

ಇದನ್ನು ಕೇಳಿ ಗೆಳತಿಯರೇ. ರಾಜಾಜಿನಗರದ ನಮ್ಮ ರೇಡಿಯೋ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆಸುಗೆ ಹಾಕಿದರೂ ಗಂಡಸರಿಗೆ ಸಂಬಳ ಹೆಚ್ಚು. ಭಾರದ ಪೆಟ್ಟಿಗೆ ಹೊರುವವರು ಅವರೇ ಅಂತೆ, ಅದಕ್ಕೆ. ಇವತ್ತು ಪೆಟ್ಟಿಗೆ ಸಾಗಿಸಲು ತಳ್ಳುಗಾಡಿ ಬಂತು.

"ಸಾರ್, ಇನ್ಮೇಲೆ ಯಾರೂ ಹೊರೋದಿಲ್ವಲ್ಲ. ಸಮಾನ ವೇತನಕ್ಕೆ ಹೊಸ ಕಾನೂನೂ ಬಂದಿದೆ. ನಮ್ಗೂ ಅಷ್ಟೇ ಕೊಡ್ತೀರಾ?" ಎಂದು ಮ್ಯಾನೇಜರರನ್ನು ಕೇಳಿದೆ.

"ಗಾಡಿ ತಳ್ಳೋದೂ ಭಾರದ ಕೆಲ್ಸಾನೇ ಕಣಮ್ಮ. ಹೆಂಗಸ್ರ ಕೈಲಾಗಲ್ಲ."

ತುಂಬಿದ ಗಾಡಿಯನ್ನು ಗೋದಾಮಿನವರೆಗೆ ತಳ್ಳಿ ಬಂದೆ.

ಮ್ಯಾನೇಜರ್ ನಕ್ಕರು. "ನೀವೇ ತಳ್ತೀರಾ ಅಂದ್ಮೇಲೆ ಅದೇನು ಭಾರದ ಕೆಲ್ಸ ಬಿಡಿ! ನಾಳೆಯಿಂದ ನೀವುಗಳೇ ತಳ್ಳಿ."

ಸಂಬಳ ಇದ್ದಲ್ಲೇ ಇದೆ, ಗಾಡಿ ಮಾತ್ರ ನಮ್ಮ ಪಾಲಿಗೆ ಬಂತು. ನಾವು ಮುಟ್ಟಿದ ಕೆಲಸವೆಲ್ಲ ಹಗುರವಾಗುವುದಾದರೆ, ನಾಳೆ ಮ್ಯಾನೇಜರರ ಕುರ್ಚಿಯಲ್ಲಿ ಒಂದು ಗಳಿಗೆ ಕೂತು ನೋಡಬೇಕು.