ಹಡಗಿಗೂ ವಿಮಾನಕ್ಕೂ ನಡುವೆ ಷಡ್ಡಕನ ಮನೆ

ಇವತ್ತು ಬೆಳಿಗ್ಗೆ ಟೈಲ್ಸ್ ಅಂಟಿಸುವ ಪುಡಿಯ ಚೀಲದ ಬಾಯಿ ಕೊಯ್ದಾಗ ಒಳಗಿನಿಂದ ಒಂದು ಕೂಪನ್ ಬಿತ್ತು. ಮಿಂಚುವ ಕಾಗದ, ಅದರ ಮೇಲೆ ಬಿಳಿ ಹಡಗಿನ ಚಿತ್ರ. ಇಂಥ ಕೂಪನ್ನುಗಳನ್ನು ಕೂಡಿಸಿ ಕಂಪನಿಗೆ ಕೊಟ್ಟರೆ ಮನೆ ಕಟ್ಟುವ ನಮ್ಮಂಥ ಗೌಂಡಿಗಳನ್ನು ಹಡಗಿನಲ್ಲಿ ತಿರುಗಾಡಿಸುತ್ತಾರೆ. ನಿಮ್ಮ ಗೌಂಡಿ ಇದೇ ಪುಡಿ ಬೇಕೆಂದು ಹಟ ಹಿಡಿದರೆ ಸ್ವಲ್ಪ ಯೋಚನೆ ಮಾಡಿ. ಪುಡಿ ಒಳ್ಳೆಯದಿರಬಹುದು, ಇಲ್ಲವೇ ಚೀಲದೊಳಗೆ ಹಡಗು ಇರಬಹುದು. ನಾನಂತೂ ಆ ಕಾಗದವನ್ನು ಮುದುಡಿ ಒಗೆದೆ. ಹೋದ ವರ್ಷ ಒಮ್ಮೆ ಹತ್ತಿ ಇಳಿದದ್ದೇ ಸಾಕಾಗಿದೆ.

ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಸಿಮೆಂಟಿನ ಬುಟ್ಟಿ ಹೊರಲು ಹೋದೆ ಅನ್ನುವುದು ಸರಿ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೂಲಿಗೆಂದು ದಾಂಡೇಲಿಗೆ ಬಂದವನು. ನಾನು ಹಳಿಯಾಳದಲ್ಲಿ ಮನೆ ಮಾಡಿದೆ. ಈಗ ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯೆಲ್ಲ ನಾನು ಕಟ್ಟಿದ ಮನೆಗಳಿವೆ. ಮುಂಡಗೋಡದಲ್ಲಿ ಒಂದು ಕಲ್ಯಾಣಮಂಟಪದ ಅಡುಗೆಮನೆ ಕೂಡ ನನ್ನದೇ ಕೆಲಸ. ಯಾವ ಗೋಡೆಯನ್ನೂ ಯಾರೂ ಬೆರಳು ಮಾಡಿ ತೋರಿಸಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ.

ಹೋದ ವರ್ಷದ ಆ ಪ್ರವಾಸಕ್ಕೆ ಕಂಪನಿಯವರು ಕೊಟ್ಟ ಚೀಟಿಯಲ್ಲಿ ಹೀಗೆ ಬರೆದಿತ್ತು: ಮುಂಬಯಿಯಿಂದ ಗೋವಾದ ಬಂದರಿಗೆ ಹಡಗು, ವಾಸ್ಕೋದಲ್ಲಿ ಕೆಲವು ತಾಸು ಬಿಡುವು, ಅಲ್ಲಿಂದ ಹೈದರಾಬಾದಿಗೆ ವಿಮಾನ, ಹೈದರಾಬಾದಿನಲ್ಲಿ ದಂಪತಿಗಳಿಗೆ ಶಾಲು ಹೊದಿಸಿ ಸತ್ಕಾರ. ಈ ದಾರಿ ಯೋಚಿಸಿದ ಪುಣ್ಯಾತ್ಮನನ್ನು ನಾನು ಒಮ್ಮೆ ನೋಡಬೇಕು. ಅನಮೋಡ ಘಟ್ಟ ಇಳಿದರೆ ನಮ್ಮ ಹಳಿಯಾಳದಿಂದ ವಾಸ್ಕೋಗೆ ಬಸ್ಸಿನಲ್ಲಿ ನಾಲ್ಕು ತಾಸು. ಮನೆಯ ಹಿತ್ತಿಲಿಗೆ ಬರಲು ಮುಂಬಯಿ ಸುತ್ತಿ, ಮತ್ತೆ ಹಿತ್ತಿಲಿನಿಂದ ಹೈದರಾಬಾದಿಗೆ ಹಾರಬೇಕು.

ಹಡಗಿನ ಸುದ್ದಿ ಕೇಳಬೇಡಿ. ಎಲ್ಲರೂ ಮೇಲೆ ಕುಣಿಯುತ್ತಿದ್ದಾಗ ನಾನು ಬಚ್ಚಲಲ್ಲಿ ನೀರು ಹೊಯ್ದು ನೆಲದ ಇಳಿಜಾರು ಪರೀಕ್ಷೆ ಮಾಡುತ್ತಿದ್ದೆ. ಹಡಗು ಆ ಕಡೆ ವಾಲಿದರೆ ನೀರು ಆ ಕಡೆ, ಈ ಕಡೆ ವಾಲಿದರೆ ಈ ಕಡೆ. ಮಟ್ಟ ಅನ್ನುವುದೇ ಇಲ್ಲದ ಜಾಗದಲ್ಲಿ ನನ್ನಂಥವನಿಗೆ ಏನು ಕೆಲಸ ಹೇಳಿ. ಊಟವೂ ಹಾಗೇ. ನೂರು ತರಹದ ತಿನಿಸು ಇಟ್ಟಿದ್ದರು, ಒಂದಕ್ಕೂ ಖಾರವಿಲ್ಲ. ಹೆಂಡತಿ ಶಾಂತವ್ವನ ಕೈಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದದ್ದು ನನಗೆ ಗೊತ್ತಿತ್ತು. ಹಡಗು ಹತ್ತುವಾಗ ತಪಾಸಣೆಯವರು ಆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ತಟ್ಟಿ ನೋಡಿ, ಕಡೆಗೆ ಬೇಸತ್ತು ಬಿಟ್ಟಿದ್ದರು. ನಾನು ಚೀಲಕ್ಕೆ ಕೈ ಹಾಕಿದೆ.

“ಅದನ್ನ ಮುಟ್ಟಬ್ಯಾಡ್ರಿ. ಅದು ಅಕ್ಕಂದು.”

“ಯಾವ ಅಕ್ಕ?”

“ನನಗೇನು ಹತ್ತು ಮಂದಿ ಅಕ್ಕಗೋಳು ಅದಾರೇನ್ರಿ? ವಾಸ್ಕೋದಾಗ ಇರಾಕಿ. ಚೀಟಿನ್ಯಾಗ ವಾಸ್ಕೋ ಅಂತ ಓದಿದ ಮ್ಯಾಲ ನಾ ನಿಮ್ಮ ಜೋಡಿ ಬರ್ತೇನಿ ಅಂದದ್ದು.”

ಅಲ್ಲಿಯವರೆಗೆ ಅವಳು ನನ್ನ ಸತ್ಕಾರ ನೋಡಲು ಬಂದಿದ್ದಾಳೆ ಎಂದುಕೊಂಡಿದ್ದೆ. ಹೊಸ ಸೀರೆ ಉಟ್ಟದ್ದೂ ಅದಕ್ಕೇ ಎಂದು ಒಳಗೊಳಗೇ ಹಿಗ್ಗಿದ್ದೆ.

ಅವಳ ಅಕ್ಕ ಕಸ್ತೂರಿಯ ಮನೆಗೂ ನಮ್ಮ ಮನೆಗೂ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಹೇಳಿಬಿಡುತ್ತೇನೆ, ನೀವೇ ನ್ಯಾಯ ಮಾಡಿ. ಕಸ್ತೂರಿಯ ಗಂಡ ಫಕೀರಪ್ಪ ನನಗೆ ಷಡ್ಡಕ ಮಾತ್ರವಲ್ಲ, ಕೈಗೆ ಗಾರೆಯ ಕರಣೆ ಕೊಟ್ಟವನೂ ಅವನೇ. ಬುಟ್ಟಿ ಹೊರುತ್ತಿದ್ದ ನನ್ನನ್ನು ಗೌಂಡಿ ಮಾಡಿದ. ಮುಂದೆ ನಾನೇ ಕೆಲಸ ಹಿಡಿದು ಮಾಡಿಸತೊಡಗಿದೆ, ಅವನು ನನ್ನ ಕೈಕೆಳಗೆ ಬಂದ. ಹಳಿಯಾಳದ ಒಂದು ಮನೆಯಲ್ಲಿ ಅವನು ಕಟ್ಟಿದ ಗೋಡೆ ಹೊರಕ್ಕೆ ವಾಲಿತ್ತು. ಮನೆಯ ಮಾಲಕ ಅದನ್ನು ನೋಡಿ ಮುಖ ಸಿಂಡರಿಸಿದ. ನಾನು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಎಲ್ಲರಿಗೂ ತೋರಿಸಿ, ಸುತ್ತಿಗೆ ತೆಗೆದುಕೊಂಡು ಅಲ್ಲೇ ಕೆಡವಿದೆ. ಫಕೀರಪ್ಪ ಆಗ ಊಟಕ್ಕೆ ಮನೆಗೆ ಹೋಗಿದ್ದ. ಬಂದು ನೋಡಿದರೆ ಇಟ್ಟಂಗಿಗಳು ನೆಲದ ಮೇಲಿದ್ದವು.

ನಮ್ಮ ಗೌಂಡಿಗಳಲ್ಲಿ ಒಂದು ರೂಢಿ ಇದೆ. ಒಬ್ಬ ಕಟ್ಟಿದ ಗೋಡೆ ಕೆಡವಬೇಕಾದರೆ ಅವನನ್ನೇ ಕರೆದು ಸುತ್ತಿಗೆ ಅವನ ಕೈಗೆ ಕೊಡಬೇಕು. ಮೊದಲ ಏಟು ಅವನದು. ಆಮೇಲೆ ಯಾರು ಬೇಕಾದರೂ ಕೈ ಹಚ್ಚಬಹುದು. ಇದನ್ನು ನನಗೆ ಕಲಿಸಿದವನೂ ಫಕೀರಪ್ಪನೇ. ಅವನು ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ತನ್ನ ಸಾಮಾನು ಬುಟ್ಟಿಗೆ ಹಾಕಿಕೊಂಡು ಹೋದವನು ಆ ವಾರವೇ ಹೆಂಡತಿಯನ್ನು ಕರೆದುಕೊಂಡು ವಾಸ್ಕೋ ಸೇರಿದ. ಗೋಡೆ ಸೊಟ್ಟ ಇದ್ದದ್ದು ನಿಜ. ಈ ಒಂದು ಮಾತನ್ನು ಹಿಡಿದುಕೊಂಡು ನಾನು ಹನ್ನೆರಡು ವರ್ಷ ನಡೆದೆ. ನೆಂಟರ ಮದುವೆಗಳಲ್ಲಿ ಅವರು ಬರುತ್ತಾರೆಂದು ಕೇಳಿದರೆ ನಾವು ಹೋಗುತ್ತಿರಲಿಲ್ಲ. ಶಾಂತವ್ವ ಫೋನು ಮಾಡಲು ಹೋದರೆ ಗುರುಗುಟ್ಟುತ್ತಿದ್ದೆ. ಕಡೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ವಾಸ್ಕೋದಲ್ಲಿ ಹಡಗಿನಿಂದ ಹೊರಬರುವ ಹೊತ್ತಿಗೆ ಒಂಬತ್ತು ದಾಟಿತ್ತು. ಸಣ್ಣ ಬಾವುಟ ಹಿಡಿದ ಟೂರಿನ ಮೇಡಂ ನಮ್ಮನ್ನು ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಹನ್ನೆರಡೂವರೆಗೆ ಇಲ್ಲೇ ಇರಬೇಕು, ತಡವಾದರೆ ಬಸ್ಸು ನಿಲ್ಲುವುದಿಲ್ಲ ಎಂದು ಹಿಂದಿಯಲ್ಲಿ ಮೂರು ಸಲ ಹೇಳಿದಳು. ಉಳಿದದ್ದು ಮೂರು ತಾಸು. ಅದರಲ್ಲಿ ಎರಡು ತಾಸು ನಾನು ಹೇಗೆ ಕಳೆದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಮೊದಲು ಚಹಾ ಬೇಕೆಂದೆ. ಚಹಾ ತಣ್ಣಗಿದೆ ಎಂದು ಇನ್ನೊಂದು ಕಡೆ ಕುಡಿದೆ. ಮೀನು ಪೇಟೆ ನೋಡೋಣ ಎಂದೆ, ನಾವಿಬ್ಬರೂ ಮೀನು ತಿನ್ನುವುದಿಲ್ಲ. ಸಮುದ್ರದ ದಂಡೆಯ ಫರಸಿ ಕಲ್ಲು ಸರಿಯಾಗಿ ಕೂಡಿಸಿಲ್ಲ ಎಂದು ಅರ್ಧ ತಾಸು ಅಲ್ಲೇ ನಿಂತು ಅದನ್ನು ಹಾಕಿದವರನ್ನು ಬೈದೆ. ಸೆಖೆಯಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಟ್ಯಾಕ್ಸಿಯವರು ಹೆಜ್ಜೆಗೊಬ್ಬರಂತೆ ಬಂದು ಚರ್ಚು ತೋರಿಸುತ್ತೇವೆ, ಬೀಚು ತೋರಿಸುತ್ತೇವೆ ಎಂದು ಬೆನ್ನು ಹತ್ತಿದ್ದರು. ಶಾಂತವ್ವ ಚೀಲ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು.

“ಅವರ ವಿಳಾಸನ ಇಲ್ಲಲ್ಲ, ಎಲ್ಲಿ ಹುಡುಕೂದು?” ಎಂದೆ.

“ಬೈನಾದಾಗ, ಮಾರುತಿ ಗುಡಿ ಹಿಂದ.”

“ಗೋವಾದಾಗ ಮಾರುತಿ ಗುಡಿ ಒಂದ ಐತೇನು? ನನಗ ಕೊಂಕಣಿ ಬರೂದಿಲ್ಲ. ಯಾರನ್ನ ಕೇಳ್ಲಿ?”

ಅವಳು ಸೀದಾ ರಸ್ತೆ ದಾಟಿ, ಮೆಣಸಿನಕಾಯಿ ಮಾರುತ್ತಿದ್ದ ಹೆಂಗಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಚ್ಚ ಕನ್ನಡದಲ್ಲೇ ಕೇಳಿದಳು. ಆ ಹೆಂಗಸು ಬಾಗಲಕೋಟೆಯ ಕಡೆಯವಳು.

“ಗೌಂಡಿ ಫಕೀರಪ್ಪನ ಮನಿ ಹೌದಲ್ಲ? ಕಸ್ತೂರಕ್ಕ ದಿನಾ ನನ್ನ ಕಡೇನ ಕಾಯಿಪಲ್ಲೆ ಒಯ್ತಾಳ. ನೀ ಆಕಿ ತಂಗಿ ಏನವಾ? ಮೂಗು ಹಂಗ ಐತಿ.” ಆಮೇಲೆ ನನ್ನ ಕಡೆ ನೋಡಿ, “ಇವರು ಯಾಕ ಹಂಗ ಮಾರಿ ಗಂಟ ಹಾಕ್ಯಾರ, ಹೊಟ್ಟಿನೋವೇನು?” ಎಂದಳು.

ಮನೆ ಮುಟ್ಟಿದಾಗ ಹನ್ನೊಂದೂವರೆ. ಒಂದೇ ಕೋಣೆ, ಮುಂದೆ ತಗಡಿನ ಚಪ್ಪರ. ಕಸ್ತೂರಿ ಅಕ್ಕಿ ಕೇರುತ್ತಿದ್ದಳು. ಇಬ್ಬರೂ ಅಳುತ್ತಾರೆ ಎಂದು ನಾನು ಆ ಕಡೆ ಮುಖ ತಿರುಗಿಸಿ ನಿಂತೆ. ಯಾರೂ ಅಳಲಿಲ್ಲ.

“ಭಾಳ ದಪ್ಪ ಆಗೀಯಲ್ಲ ಶಾಂತಾ.”

“ನಿನ್ನ ಹಲ್ಲು ಎಲ್ಲಿ ಹೋದುವು?”

“ಎರಡ ಹೋಗ್ಯಾವ. ನೀ ಬರೂದು ಇನ್ನೂ ತಡಾ ಮಾಡಿದ್ದರ ಎಲ್ಲಾ ಹೋಗತಿದ್ದುವು.”

ಅಷ್ಟು ಹೇಳಿ ಅಕ್ಕ ತಂಗಿಯ ಮುಂಗೈ ಹಿಡಿದುಕೊಂಡಳು. ನಾನು ಅಲ್ಲಿದ್ದಷ್ಟು ಹೊತ್ತೂ ಆ ಕೈ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

“ಬರ್ರಿ ಮೇಸ್ತ್ರಿಯವರ. ಗೋಡಿಗೆ ಗುಂಡು ಬಿಟ್ಟು ನೋಡಿ ಕುಂದರ್ರಿ. ಸೊಟ್ಟ ಇದ್ದರ ಕೆಡವಿಬಿಡ್ರಿ, ನಾವು ಅಂಗಳದಾಗ ಇರ್ತೇವಿ.”

ಫಕೀರಪ್ಪ ಕೆಲಸಕ್ಕೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದು ತಿಳಿಯಿತು. ನಿಮ್ಮ ಮುಂದೆ ಯಾಕೆ ಸುಳ್ಳು ಹೇಳಲಿ, ನನಗೆ ಹಾಯೆನಿಸಿತು. ಗೋಡೆಗೆ ಒರಗಿ ಕೂತೆ. ಚಹಾ ಕುಡಿದೆ. ಸುಮ್ಮನೆ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಕಸ್ತೂರಿಯ ಮಾತು ಚುಚ್ಚಿತ್ತು, ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಕ್ಕಾ, ಏನ ಅನ್ರಿ, ಆ ಗೋಡಿ ಸೊಟ್ಟ ಇತ್ತು. ಖರೆ ಹೇಳಿದ್ರ ತಪ್ಪೇನು?”

“ಸೊಟ್ಟ ಇತ್ತಂತ ನಿಮಗ ಯಾರು ಹೇಳಿದ್ರು?”

“ಗುಂಡು ಬಿಟ್ಟು ನೋಡಿದ್ನಲ್ಲ.”

“ನಮ್ಮವರು ಗುಂಡು ಬಿಡದ, ಬರೇ ಕಣ್ಣಿಲೇನ ನೋಡಿದ್ದರು. ಅವತ್ತು ಊಟಕ್ಕ ಬಂದಾಗ ಹೇಳಿದರು, ಕಸ್ತೂರಿ, ಗೋಡಿ ಯಾಕೋ ಹೊರಗ ಹೊಂಟೇತಿ, ಉಂಡ ಹೋಗಿ ಕೆಡವಿ ಮತ್ತ ಕಟ್ತೇನಿ, ಇವತ್ತಿನ ಪಗಾರ ತಗೊಳ್ಳೂದಿಲ್ಲ ಅಂತ. ಎರಡನೇ ರೊಟ್ಟಿ ಬ್ಯಾಡ ಅಂತ ಎದ್ದು ಹ್ವಾದ್ರು. ಹೋಗೂದ್ರಾಗ ನೀವು ಕೆಡವಿದ್ರಿ.”

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಬಾವುಟದ ಮೇಡಂ ಫೋನು ಬಂತು. ಎಲ್ಲರೂ ಬಂದಾಗಿದೆ, ನೀವಿಬ್ಬರೇ ಬಾಕಿ.

“ಏಳು, ಹೋಗೂಣು,” ಎಂದೆ.

“ನೀವು ಹೋಗ್ರಿ,” ಎಂದಳು ಶಾಂತವ್ವ. “ನಾ ಇಲ್ಲೇ ಇರ್ತೇನಿ.”

“ಎಷ್ಟ ದಿನ?”

“ನೀವು ಬಂದು ಫಕೀರಪ್ಪ ಮಾಮಾರ ಜೋಡಿ ಮಾತಾಡೂತನಾ.”

“ಅಲ್ಲಿ ಇಬ್ಬರನ್ನೂ ಸ್ಟೇಜಿಗೆ ಕರೀತಾರ. ನಾ ಏನಂತ ಹೇಳ್ಲಿ?”

“ಹನ್ನೆರಡ ವರ್ಷ ನೆಂಟರಿಗೆಲ್ಲಾ ಏನೇನೋ ಹೇಳೇರಲ್ಲ. ಅದರಾಗ ಒಂದು ಹೇಳ್ರಿ.”

ನಾನು ಹೋದೆ. ಯಾಕೆ ಹೋದೆ ಎಂದು ನೀವು ಕೇಳಬಹುದು. ಸಿಟ್ಟು ಬಂದಿತ್ತು. ಶಾಲಿನ ಆಸೆಯೂ ಇತ್ತು. ಶಾಲೆ ಬಿಟ್ಟವನನ್ನು ವಿಮಾನದಲ್ಲಿ ಕರೆದೊಯ್ದು ವೇದಿಕೆ ಹತ್ತಿಸುವುದು ದಿನಾ ಆಗುವ ಮಾತಲ್ಲ. ಹೆಂಡತಿಗೆ ಹುಷಾರಿಲ್ಲ ಎಂದು ಮೇಡಂಗೆ ಹೇಳಿದೆ. ವಿಮಾನದಲ್ಲಿ ಪಕ್ಕದ ಕುರ್ಚಿ ಖಾಲಿ. ಕಿಟಕಿಯಿಂದ ಕೆಳಗೆ ಹಸಿರು ಕಾಡು ಕಾಣಿಸಿತು, ಕ್ಯಾಸಲ್‌ರಾಕ್ ಕಡೆಯದೇ ಇರಬೇಕು ಎಂದು ಯಾರಿಗಾದರೂ ಹೇಳೋಣವೆಂದರೆ ಯಾರೂ ಇರಲಿಲ್ಲ. ಹೈದರಾಬಾದಿನಲ್ಲಿ ನನಗೊಂದು ಶಾಲು ಹೊದಿಸಿ, ಅವಳ ಪಾಲಿನದನ್ನೂ ನನ್ನ ಹೆಗಲ ಮೇಲೆಯೇ ಹಾಕಿದರು. ಫೋಟೋದಲ್ಲಿ ಚಳಿ ಹತ್ತಿದವನ ಹಾಗೆ ಕಾಣುತ್ತೇನೆ.

ರೈಲು ಹಿಡಿದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಹಳಿಯಾಳಕ್ಕೆ ಬಂದೆ. ಬಾಗಿಲ ಮುಂದೆ ನಿಂತಾಗ ನೆನಪಾಯಿತು, ಮನೆಯ ಕೀಲಿ ಶಾಂತವ್ವನ ಸೊಂಟದಲ್ಲಿ ವಾಸ್ಕೋದಲ್ಲಿದೆ. ಒಂದು ಊರು ಕಟ್ಟಿದವನು ಸ್ವಂತ ಮನೆಯ ಹೊರಗೆ ಚೀಲ ಹಿಡಿದು ನಿಂತಿದ್ದೇನೆ. ಎದುರಿನ ಮನೆಯವರು ಕೇಳಿದರು. ಕೀಲಿ ತರಲು ಗೋವಾಕ್ಕೆ ಹೊರಟಿದ್ದೇನೆ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೂ ಅದನ್ನೇ ಹೇಳಿದೆ. ಅನಮೋಡದಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಕೇಳದಿದ್ದರೂ ಕಂಡಕ್ಟರನಿಗೆ ಹೇಳಿದೆ.

ಕಸ್ತೂರಿ ಅವತ್ತು ಮಾತಿನ ನಡುವೆ ಹೇಳಿದ ಗುರುತು ಹಿಡಿದು ಸೀದಾ ಫಕೀರಪ್ಪನ ಕೆಲಸದ ಜಾಗಕ್ಕೇ ಹೋದೆ. ಒಂದು ಮನೆಯ ಕಂಪೌಂಡ್ ಗೋಡೆಗೆ ಸಿಮೆಂಟು ಬಳಿದು ಗಿಲಾವು ಮಾಡುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಹಲಗೆ ಎಳೆಯುವುದನ್ನು ನಿಲ್ಲಿಸಲಿಲ್ಲ.

“ಯಾಕ ಬಂದಿ?”

ಕೀಲಿಗೆ ಬಂದೆ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

“ಅವತ್ತು ನಾ ಕಾಯಬೇಕಿತ್ತು ಅಣ್ಣಾ.”

“ಗೋಡಿ ಸೊಟ್ಟ ಇತ್ತಲ್ಲೋ.”

“ಇತ್ತು. ನೀ ಉಂಡ ಬರೂತನಾ ಕಾಯಬೇಕಿತ್ತು.”

ಅವನು ಹಲಗೆಯನ್ನು ಮೂಲೆಯವರೆಗೆ ಎಳೆದು ಮುಗಿಸಿ ಕೆಳಗಿಟ್ಟ. “ಹ್ಞೂಂ, ಕಾಯಬೇಕಿತ್ತು,” ಎಂದ. ಕರಣೆ ಕೈಗೆತ್ತಿಕೊಂಡು, “ಇಷ್ಟ ಹೇಳಾಕ ಹಡಗು, ವಿಮಾನ ಎಲ್ಲಾ ಹತ್ತಬೇಕಾತೇನು ನಿನಗ? ಆ ಬಕೀಟು ಇತ್ತ ಕೊಡು. ಮಾಲು ಒಣಗಾಕತ್ತೇತಿ.”

ಬಕೀಟು ಕೊಟ್ಟೆ. ಅವನು ಕ್ಷಮಿಸಿದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ, ಕೇಳಿಲ್ಲ. ಶಾಂತವ್ವ ಮಾತ್ರ ಮರುದಿನ ನನ್ನ ಜೊತೆ ಬಸ್ಸು ಹತ್ತಿದಳು. ಈಗ ಎರಡು ತಿಂಗಳಿಗೊಮ್ಮೆ ಅಕ್ಕನ ಮನೆಗೆ ಹೋಗುತ್ತಾಳೆ, ನಾನು ಅನ್ನ ಸೀಯಿಸಿಕೊಂಡು ತಿನ್ನುತ್ತೇನೆ.

ಇದನ್ನು ಬರೆಯುತ್ತಿರುವುದು ಜೋಯಿಡಾ ಹತ್ತಿರದ ಒಂದು ಹೋಮ್‌ಸ್ಟೇ ಕೆಲಸದಲ್ಲಿ, ಮಧ್ಯಾಹ್ನ ಎರಡು ಗಂಟೆಗೆ. ಸಂತಾನ ಎಂಬ ನನ್ನ ಗೌಂಡಿ ಹಚ್ಚಿದ ಬಚ್ಚಲಿನ ಟೈಲ್ಸಿನಲ್ಲಿ ಒಂದು ಸಾಲು ಮಟ್ಟ ಬಿಟ್ಟು ಏರಿದೆ. ಬಾಗಿಲಿನಿಂದಲೇ ಕಾಣುತ್ತದೆ. ಮಾಲಕ ಬಂದು ನನ್ನ ಮುಖ ನೋಡಿ, ಸಾಲಿನ ಕಡೆ ನೋಡಿ ಹೋದ. ಕೀಳುವುದಾದರೆ ಈಗಲೇ ಕೀಳಬೇಕು, ಪುಡಿ ಗಟ್ಟಿಯಾದರೆ ಟೈಲ್ಸು ಇಡಿಯಾಗಿ ಬರುವುದಿಲ್ಲ. ಸಂತಾನ ಮಾವಿನ ಮರದ ಕೆಳಗೆ ಊಟಕ್ಕೆ ಕೂತಿದ್ದಾನೆ. ಈ ಮನುಷ್ಯ ಒಂದೊಂದು ತುತ್ತನ್ನೂ ಎಣಿಸಿದ ಹಾಗೆ ಅಗಿಯುತ್ತಾನೆ. ನಡುವೆ ಹೆಂಡತಿಗೆ ಫೋನು ಮಾಡಿ ಸಾರಿಗೆ ಉಪ್ಪು ಕಡಿಮೆ ಎಂದ.

“ಏನರ ಕೆಲಸ ಐತೇನ್ರಿ ಮೇಸ್ತ್ರಿ? ಬರ್ಲ್ಯಾ?” ಎಂದು ಅಲ್ಲಿಂದಲೇ ಕೇಳಿದ.

“ಏನಿಲ್ಲ, ಉಣ್ಣು,” ಎಂದೆ.

ಅವನು ಇನ್ನೊಂದು ಸಲ ಅನ್ನ ಹಾಕಿಕೊಂಡ.